ಹಾಡುಗಳ ಪೆಟ್ಟಿಗೆಗೆ ಬ್ಯಾಟರಿ ಯಾಕೆ ಬೇಕಾಯಿತು



ಈ ವರ್ಷದ ಯುವಜನ ನಿಧಿಯ ಲೆಕ್ಕದಲ್ಲಿ ಒಂದು ಯುಪಿಎಸ್ ಮತ್ತು ಎರಡು ಬ್ಯಾಟರಿ ಎಂಬ ಸಾಲು ಇದೆ. ಲೆಕ್ಕ ಓದಿದ ಮೇಲೆ ಹಲವರು ನಮ್ಮನ್ನು ನಿಲ್ಲಿಸಿ ಕೇಳಿದ್ದಾರೆ. ಅದರಲ್ಲೂ ಕಾಕಾ ಒಬ್ಬರ ಪ್ರಶ್ನೆ ನೇರವಾಗಿತ್ತು: "ಹಾಡೋ ಹುಡುಗ್ರಿಗೆ ಬ್ಯಾಟರಿ ಯಾಕ ಬೇಕ್ರಿ? ಮನ್ಯಾಗ ಇನ್ವರ್ಟರ್ ಐತಲ್ಲ?" ಕಾಕಾ ಕೇಳಿದ್ದು ನ್ಯಾಯ. ಅದು ನಿಮ್ಮ ಮನೆಗಳಿಂದ ಬಂದ ಹಣ. ಕ್ರಿಸ್ಮಸ್ ಕ್ಯಾರಲ್‌ನಲ್ಲಿ ಬಾಗಿಲಿಗೆ ಬಂದಾಗ ನೀವು ಡಬ್ಬಿಗೆ ಹಾಕಿದ್ದು. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗುತ್ತದೆ. ನಮ್ಮಲ್ಲಿ ಬಿ.ಎಸ್ಸಿ. ಓದಿದವರು ಇದ್ದಾರೆ, ಅವರ ಬಾಯಿ ಕಟ್ಟುವುದು ಕಷ್ಟ.

ಮೊದಲು ಸರ್ವರ್ ಎಂದರೆ ಏನು ಎಂಬುದು. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಸೋಲಾಪುರದಲ್ಲಿ ನಮ್ಮದೊಂದು ಮನೆಯ ಮೂಲೆಯಲ್ಲಿ ಕುಳಿತಿರುವ ಹಳೆಯ ಡೆಸ್ಕ್‌ಟಾಪ್ ಅದು. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಒಳಗೆ ಲಿನಕ್ಸ್ ಮತ್ತು ಹಾರ್ಡ್ ಡಿಸ್ಕ್. ಹಗಲು ರಾತ್ರಿ ಓಡುತ್ತದೆ. ಗಾನವೃಂದದ ಅಭ್ಯಾಸದ ಧ್ವನಿಮುದ್ರಣಗಳು, ಲಾಕ್‌ಡೌನ್ ಕಾಲದ ಬಲಿಪೂಜೆಯ ವಿಡಿಯೋಗಳು, ಮನೆಮನೆಗಳಿಂದ ತಂದು ಸ್ಕ್ಯಾನ್ ಮಾಡಿದ ಹಳೆಯ ಮದುವೆ ಫೋಟೋಗಳು ಅದರಲ್ಲಿವೆ. ಜ್ಞಾನಸ್ನಾನದ ದಾಖಲೆ ಪುಸ್ತಕಗಳ ಪ್ರತಿ ಅದರಲ್ಲಿ ಇಲ್ಲ, ಇರುವುದೂ ಬೇಡ. ಅವು ಫಾದರ್ ಅವರ ಕಪಾಟಿನಲ್ಲಿ, ಅವರ ಬೀಗದೊಳಗೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು 'ಹಿರಿಯರ ಹಾಡು' ಎಂದು ನಾವು ಹೆಸರಿಟ್ಟ ಒಂದು ಫೋಲ್ಡರ್. ನಮ್ಮ ಕಡೆಯ ಕನ್ನಡ ನಿಮಗೆ ಗೊತ್ತೇ ಇದೆ. ಶಾಲೆ ಮರಾಠಿ, ಪೇಟೆ ಮರಾಠಿ, ಮನೆಯೊಳಗೆ ಮಾತ್ರ ಕನ್ನಡ. ನಮ್ಮ ತಂಡದಲ್ಲೇ ಅರ್ಧ ಜನ ಕನ್ನಡ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಆದರೆ ಅಕ್ಕಲಕೋಟ ಮತ್ತು ಸುತ್ತಲ ಹಳ್ಳಿಗಳ ಅಜ್ಜಿಯರಿಗೆ ಬೀಸುಕಲ್ಲಿನ ಪದದ ಧಾಟಿಯಲ್ಲಿ ಯೇಸುವಿನ ಕಥೆ ಹಾಡಲು ಬರುತ್ತದೆ. ಯಾವ ಪುಸ್ತಕದಲ್ಲೂ ಅದು ಇಲ್ಲ. ಮರಿಯಮ್ಮ ಕೂಸನ್ನು ಎತ್ತಿಕೊಂಡು ಐಗುಪ್ತಕ್ಕೆ ಓಡುವಾಗ ದಾರಿಯಲ್ಲಿ ಜೋಳದ ಹೊಲ ಬರುತ್ತದೆ, ಸೀನಾ ನದಿಯಂಥ ಒಂದು ನದಿ ಬರುತ್ತದೆ! ಎರಡು ವರ್ಷ ಭಾನುವಾರದ ಮಧ್ಯಾಹ್ನಗಳಲ್ಲಿ ಎಸ್.ಟಿ. ಹಿಡಿದು ಹೋಗಿ ನಾವು ಇದನ್ನೆಲ್ಲ ದಾಖಲಿಸಿದ್ದೇವೆ.

ಹೋದ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಒಂದು ಸಂಜೆ, ಅರ್ಧ ಗಂಟೆಯೊಳಗೆ ನಾಲ್ಕು ಸಲ ಲೈಟ್ ಹೋಗಿ ಬಂತು. ಆಗ ಸರ್ವರಿನಲ್ಲಿ ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ಫೈಲುಗಳು ಹೋಗುತ್ತಿದ್ದವು. ಪ್ರತಿ ಸಲ ಕರೆಂಟ್ ಬಂದಾಗ ಯಂತ್ರ ತಾನೇ ಏಳುತ್ತಿತ್ತು, ಎದ್ದು ಮುಗಿಯುವ ಮೊದಲೇ ಮತ್ತೆ ಬೀಳುತ್ತಿತ್ತು. ನಾಲ್ಕನೇ ಸಲದ ನಂತರ ಹಳೆಯ ಡಿಸ್ಕ್ ತಿರುಗಲೇ ಇಲ್ಲ. ಟಿಕ್ ಟಿಕ್ ಎಂಬ ಸದ್ದು ಮಾತ್ರ. ಎರಡು ರಾತ್ರಿ ಕುಳಿತು ಹೊಸ ಡಿಸ್ಕನ್ನು ತಪಾಸಣೆ ಮಾಡಿದೆವು. ಹೆಚ್ಚಿನದೆಲ್ಲ ಸಿಕ್ಕಿತು. ಸಿಗದೇ ಹೋದದ್ದು ಅಕ್ಕಲಕೋಟದ ಒಬ್ಬ ಆಯಿಯ ಹಾಡಿನ ಕೊನೆಯ ನಾಲ್ಕು ನಿಮಿಷ. ಹನ್ನೊಂದು ನಿಮಿಷದ ಹಾಡು ಏಳು ನಿಮಿಷಕ್ಕೆ ನಿಂತುಬಿಡುತ್ತದೆ, ಪದದ ನಡುವೆ. ಆ ಆಯಿ ಅದೇ ವರ್ಷ ತಪಸ್ಸುಕಾಲದಲ್ಲಿ ತೀರಿಕೊಂಡಿದ್ದರು. ಅವರ ಮಗಳಿಗೆ ಸುದ್ದಿ ಹೇಳಲು ನಾವು ಅಕ್ಕಲಕೋಟಕ್ಕೆ ಹೋದೆವು. ಅವರು ಚಹಾ ಮಾಡಿ ಕೊಟ್ಟು, "ಏಳು ನಿಮಿಷರ ಉಳೀತಲ್ಲ, ಅದನ್ನ ಒಮ್ಮೆ ಹಚ್ಚ್ರಿ" ಎಂದರು. ಹಚ್ಚಿದೆವು.

ಬ್ಯಾಟರಿಯ ಮಾತು ಅಲ್ಲಿಂದ ಶುರುವಾಯಿತು.

ಕರೆಂಟ್ ಹೋದರೆ ಬಲ್ಬಿಗೆ ಏನೂ ಆಗುವುದಿಲ್ಲ, ಕಂಪ್ಯೂಟರಿಗೆ ಯಾಕೆ ಆಗುತ್ತದೆ? ನಾವು ಒಂದು ಫೈಲ್ ಉಳಿಸಿದಾಗ ಅದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ. ಲಿನಕ್ಸ್ ಅದನ್ನು ಮೊದಲು ರ್‍ಯಾಮ್‌ನಲ್ಲಿ ಇಟ್ಟುಕೊಂಡು, ಬಿಡುವು ನೋಡಿ, 30 ಸೆಕೆಂಡಿನವರೆಗೂ ತಡೆದು ಬರೆಯುತ್ತದೆ. ಕೆಲಸ ಬೇಗ ಆಗಲಿ ಎಂದು ಮಾಡಿದ ಏರ್ಪಾಟು ಅದು. ಆ ಅರ್ಧ ನಿಮಿಷದೊಳಗೆ ಕರೆಂಟ್ ಹೋದರೆ ರ್‍ಯಾಮ್‌ನಲ್ಲಿದ್ದದ್ದು ಹೋಯಿತು. ಇಂದಿನ ಫೈಲ್ ಸಿಸ್ಟಮ್‌ಗಳಲ್ಲಿ ಜರ್ನಲ್ ಎಂಬ ದಿನಚರಿ ಇರುತ್ತದೆ ನಿಜ. ಆದರೆ ಅದು ಮುಖ್ಯವಾಗಿ ಕಾಯುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು. ಫೈಲಿನೊಳಗೆ ಏನಿತ್ತು ಎಂಬುದಕ್ಕೆ ಸಾಮಾನ್ಯವಾಗಿ ಅದು ಹೊಣೆಯಲ್ಲ. ಮನೆಯ ವಿಳಾಸ ಉಳಿಯುತ್ತದೆ, ಮನೆಯೊಳಗಿನ ಸಾಮಾನು ಉಳಿಯುತ್ತದೆಂಬ ಖಾತ್ರಿ ಇಲ್ಲ. ಇನ್ನು ತಿರುಗುವ ಹಾರ್ಡ್ ಡಿಸ್ಕಿಗೆ ಮತ್ತೆ ಮತ್ತೆ ದಿಢೀರನೆ ನಿಲ್ಲುವುದು, ಏಳುವುದು ಬೇರೆಯದೇ ಪೆಟ್ಟು. ಪ್ರಾಯವಾದ ಡಿಸ್ಕ್ ಅದನ್ನು ತಡೆಯುವುದಿಲ್ಲ.

ಈಗ ಕಾಕಾ ಕೇಳಿದ ಇನ್ವರ್ಟರ್. ಹೌದು, ಆ ಮನೆಯಲ್ಲಿ ಇನ್ವರ್ಟರ್ ಮೊದಲಿನಿಂದಲೂ ಇದೆ, 150 ಎಎಚ್‌ನ ದೊಡ್ಡ ಟ್ಯೂಬುಲರ್ ಬ್ಯಾಟರಿಯೊಂದಿಗೆ. ಲೆಕ್ಕಕ್ಕೆ 12 ವೋಲ್ಟ್ ಗುಣಿಸು 150, ಅಂದರೆ 1800 ವ್ಯಾಟ್ ಅವರ್. ನಮ್ಮ ಸರ್ವರ್ ಮತ್ತು ರೂಟರ್ ಎರಡೂ ಸೇರಿ ತಿನ್ನುವುದು 50 ವ್ಯಾಟ್. ಶಕ್ತಿಗೆ ಕೊರತೆ ಇಲ್ಲ, ತೊಂದರೆ ಇರುವುದು ಸಮಯದಲ್ಲಿ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅದರ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಂಪ್ಯೂಟರಿನ ಪವರ್ ಸಪ್ಲೈ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಪೂರ್ತಿ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿಯಬಲ್ಲದು, ಭಾರ ಕಡಿಮೆಯಿದ್ದರೆ ಇನ್ನೂ ಸ್ವಲ್ಪ. ಲೈಟ್ ಹೋದ ಮೇಲೆ ಇನ್ವರ್ಟರ್ ಅದಕ್ಕಿಂತ ತಡವಾಗಿ ಕೈಹಿಡಿದರೆ ಫ್ಯಾನಿಗೆ ಗೊತ್ತೂ ಆಗುವುದಿಲ್ಲ, ಟ್ಯೂಬ್‌ಲೈಟ್ ಒಮ್ಮೆ ಮಿಣುಕುತ್ತದೆ, ಕಂಪ್ಯೂಟರ್ ಮಾತ್ರ ಸತ್ತು ಮತ್ತೆ ಹುಟ್ಟುತ್ತದೆ.

ಹೆಚ್ಚಿನ ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ನಿಮ್ಮ ಮನೆಯದನ್ನೂ ತಿರುಗಿಸಿ ನೋಡಿ. ಒಂದು ಕಡೆ ಯುಪಿಎಸ್ ಎಂದೂ ಇನ್ನೊಂದು ಕಡೆ ನಾರ್ಮಲ್ ಅಥವಾ ಎಕೋ ಎಂದೂ ಬರೆದಿರುತ್ತದೆ. ಯುಪಿಎಸ್ ಕಡೆಗೆ ಹಾಕಿದರೆ ಅದು ಬೇಗ ಬದಲಾಗುತ್ತದೆ, ಬಹಳಷ್ಟು ಕಂಪ್ಯೂಟರ್‌ಗಳಿಗೆ ಅಷ್ಟು ಸಾಕು. ಆದರೆ ಆಗ ಅದು ವೋಲ್ಟೇಜ್ ವಿಷಯದಲ್ಲಿ ನಾಜೂಕಾಗುತ್ತದೆ, ಸುಮಾರು 180ರಿಂದ 260 ವೋಲ್ಟ್ ಒಳಗಿದ್ದರೆ ಮಾತ್ರ ಗೋಡೆಯ ಕರೆಂಟನ್ನು ಒಪ್ಪಿಕೊಳ್ಳುತ್ತದೆ. ಹಳ್ಳಿಯ ಕಡೆ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ 160ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಲೈಟ್ ಇದ್ದರೂ ಇನ್ವರ್ಟರ್ 'ಇದು ಕರೆಂಟೇ ಅಲ್ಲ' ಎಂದು ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ಖಾಲಿಯಾಗುತ್ತದೆ, ತುಂಬಿಕೊಳ್ಳಲು ದಾರಿ ಇಲ್ಲ. ನಿಜವಾಗಿ ಲೈಟ್ ಹೋದಾಗ ಮನೆಯೆಲ್ಲ ಕತ್ತಲು. ಅದಕ್ಕೇ ಎಷ್ಟೋ ಮನೆಗಳಲ್ಲಿ ಆ ಸ್ವಿಚ್ ನಾರ್ಮಲ್ ಕಡೆಗೇ ಇರುತ್ತದೆ, ಇರುವುದು ಸರಿಯೂ ಹೌದು.

ನಾವು ಮಾಡಿದ್ದು ಇಷ್ಟು. ಇನ್ವರ್ಟರ್ ಲೈನಿನ ಒಂದು ಪ್ಲಗ್ಗಿಗೆ 600 ವಿಎ ಸಣ್ಣ ಯುಪಿಎಸ್ ಹಾಕಿ, ಅದರಿಂದ ಸರ್ವರಿಗೂ ರೂಟರಿಗೂ ಕೊಟ್ಟೆವು. ಲೈಟ್ ಹೋದ ಕ್ಷಣ ಯುಪಿಎಸ್ ಹಿಡಿಯುತ್ತದೆ. ಅಷ್ಟರಲ್ಲಿ ಇನ್ವರ್ಟರ್ ಏಳುತ್ತದೆ, ಯುಪಿಎಸ್ ಮತ್ತೆ ಕೈಬಿಡುತ್ತದೆ. ಹೊಳೆ ದಾಟುವಾಗ ಒಂದು ಹೆಜ್ಜೆಗೆ ಮಾತ್ರ ಬೇಕಾದ ಕಲ್ಲು ಅದು. ಒಂದು ಎಚ್ಚರಿಕೆ ಹೇಳಲೇಬೇಕು: ಇನ್ವರ್ಟರ್ ಸೈನ್ ವೇವ್ ಇರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟನ್ನು ಹಲವು ಯುಪಿಎಸ್‌ಗಳು ಒಪ್ಪುವುದಿಲ್ಲ, ಕಟಕಟ ಎನ್ನುತ್ತ ತಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತವೆ. ಕೊಳ್ಳುವ ಮೊದಲು ಒಬ್ಬರ ಮನೆಯಿಂದ ಯುಪಿಎಸ್ ಎರವಲು ತಂದು ಇದನ್ನು ನೋಡಿಕೊಂಡೆವು.

ಡಬ್ಬಿಯ ಮೇಲಿನ 600 ನೋಡಿ ಮೋಸ ಹೋಗಬೇಡಿ. ಅದು ವಿಎ, ವ್ಯಾಟ್ ಅಲ್ಲ. ಇಂಥವು ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಹೊರುತ್ತವೆ. ಎಷ್ಟು ಹೊತ್ತು ಎಂಬುದು ಒಳಗಿನ ಬ್ಯಾಟರಿಯ ಮಾತು: 12 ವೋಲ್ಟ್, 7 ಎಎಚ್, ಅಂದರೆ 84 ವ್ಯಾಟ್ ಅವರ್. 50 ವ್ಯಾಟ್‌ಗೆ ಭಾಗಿಸಿದರೆ ಕಾಗದದ ಮೇಲೆ ಒಂದು ಗಂಟೆ ನಲವತ್ತು ನಿಮಿಷ. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಗಡಿಯಾರ ಹಿಡಿದು ಕುಳಿತೆವು. ಸಿಕ್ಕಿದ್ದು 45 ನಿಮಿಷ! ಅಂಗಡಿಯವರು ಮೋಸ ಮಾಡಿದರು ಎಂದಲ್ಲ. ಆ 7 ಎಎಚ್ ಎಂಬುದು 20 ಗಂಟೆ ಹಿಡಿದು ನಿಧಾನವಾಗಿ ಎಳೆದರೆ ಸಿಗುವ ಲೆಕ್ಕ. ಸೀಸ ಮತ್ತು ಆಮ್ಲದ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ಮಾಡಿದ ದಿನದಿಂದ ಅದರ ಸ್ವಭಾವ ಇದೇ, ಅವಸರ ಮಾಡಿ ಕೇಳಿದರೆ ಕಡಿಮೆ ಕೊಡುತ್ತದೆ. ಮೇಲೆ 12 ವೋಲ್ಟನ್ನು 230 ಮಾಡುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ.

ಹತ್ತು ಕನ್ಯೆಯರ ಸಾಮತಿಯನ್ನು ಫಾದರ್ ನೆನಪಿಸಿ ನಕ್ಕರು. ಐವರು ಬೇರೆ ಎಣ್ಣೆಯನ್ನೂ ತಂದಿದ್ದರಲ್ಲ, ಎಷ್ಟು ತರಬೇಕೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಮ್ಮಲ್ಲೊಬ್ಬರು ಕೇಳಿದರು. ಬಿ.ಎಸ್ಸಿ.ಯವರ ಪ್ರಶ್ನೆ.

ಮುಂದಿನದು ಯಾರೂ ಹೇಳಿಕೊಡದ ಭಾಗ. ಬ್ಯಾಟರಿ ಇದ್ದರಷ್ಟೇ ಸಾಲದು, ಲೈಟ್ ಹೋಗಿದೆ ಎಂದು ಸರ್ವರಿಗೆ ತಿಳಿಯಬೇಕು, ತಿಳಿದು ತಾನೇ ಮರ್ಯಾದೆಯಿಂದ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಬ್ಯಾಟರಿ ಮುಗಿದ ಕ್ಷಣ ಮತ್ತದೇ ಕಥೆ, ಮುಕ್ಕಾಲು ಗಂಟೆ ತಡವಾಗಿ. ಬೆಲೆ ಹೆಚ್ಚಿನ ಯುಪಿಎಸ್‌ಗಳಲ್ಲಿ ಯುಎಸ್‌ಬಿ ತಂತಿ ಇರುತ್ತದೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶ ಅದರ ಮಾತು ಕೇಳಿಸಿಕೊಂಡು ಯಂತ್ರವನ್ನು ಮುಚ್ಚುತ್ತದೆ. ನಮ್ಮ ನಿಧಿಗೆ ಎಟುಕಿದ ಯುಪಿಎಸ್‌ಗೆ ಆ ತಂತಿ ಇಲ್ಲ. ಅದರ ಬದಲು ಮನೆಯಲ್ಲಿ ಬಿದ್ದಿದ್ದ ಒಂದು ಹಳೆಯ ರೂಟರನ್ನು ಫ್ರಿಜ್ಜಿನ ಪ್ಲಗ್ಗಿನ ಪಕ್ಕದಲ್ಲಿ ಹಾಕಿದೆವು. ಆ ಪಾಯಿಂಟ್ ಇನ್ವರ್ಟರ್ ಲೈನಿಗೆ ಸೇರಿಲ್ಲ, ಬರೀ ಗೋಡೆಯ ಕರೆಂಟ್. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು 'ಇದ್ದೀಯಾ?' ಎಂದು ಕೇಳುತ್ತದೆ. ಉತ್ತರ ಬಂದರೆ ಲೈಟ್ ಇದೆ. 30 ಸಲ ಸತತವಾಗಿ ಉತ್ತರ ಬಾರದಿದ್ದರೆ ಲೈಟ್ ಹೋಗಿ ಅರ್ಧ ಗಂಟೆಯಾಯಿತು, ಸರ್ವರ್ ಎಲ್ಲ ಬರೆದು ಮುಗಿಸಿ ಮಲಗುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟ್ ಅಷ್ಟೇ. ಬೇಕಾದವರು ಕೇಳಿ, ಕೊಡುತ್ತೇವೆ.

ಅರ್ಧ ಗಂಟೆಯೇ ಯಾಕೆ? ಅದು ಆ ಮನೆಯ ಅವ್ವ ಹಾಕಿದ ಷರತ್ತು. ನಿಮ್ಮ ಯಂತ್ರ ಒಂದು ಫ್ಯಾನಿನಷ್ಟು ಕರೆಂಟ್ ತಿನ್ನುತ್ತದೆ, ಮೇ ತಿಂಗಳ ರಾತ್ರಿ ಲೈಟ್ ಹೋದರೆ ಮೊಮ್ಮಗುವಿಗೆ ಗಾಳಿ ಮೊದಲು, ನಿಮ್ಮ ಹಾಡು ಆಮೇಲೆ, ಅಂದರು. ನಮಗೂ ಅದೇ ಸರಿ ಅನ್ನಿಸಿತು. ಇನ್ವರ್ಟರ್ ಬ್ಯಾಟರಿ ಎಂದಾದರೂ ಕೈಕೊಟ್ಟರೂ ಯುಪಿಎಸ್‌ನ 45 ನಿಮಿಷ ಆ ಅರ್ಧ ಗಂಟೆಗೆ ಸಾಕು.

ಇಲ್ಲೊಂದು ತಮಾಷೆಯ ಸಿಕ್ಕು ಇದೆ. ಕರೆಂಟ್ ಬಂದ ಕೂಡಲೇ ತಾನೇ ಏಳುವಂತೆ ಕಂಪ್ಯೂಟರಿಗೆ ಬಯಾಸ್‌ನಲ್ಲಿ ಹೇಳಿಡಬಹುದು. ಆದರೆ ನಮ್ಮ ಸರ್ವರ್ ಮಲಗಿದ ಮೇಲೂ ಇನ್ವರ್ಟರಿನಿಂದ ಅದಕ್ಕೆ ಕರೆಂಟ್ ಬರುತ್ತಲೇ ಇರುತ್ತದೆ. ಹಾಗಾಗಿ ಅದರ ಮಟ್ಟಿಗೆ ಲೈಟ್ ಹೋಗಿಯೇ ಇಲ್ಲ. ಹೋಗದ್ದು ಬರುವುದು ಹೇಗೆ? ಲೈಟ್ ಬಂದು ಊರೆಲ್ಲ ಬೆಳಗಿದರೂ ಅದು ಮಲಗಿಯೇ ಇರುತ್ತದೆ. ಈಗ ಮುಖ್ಯ ರೂಟರಿನಿಂದ 'ಏಳು' ಎಂಬ ಸಂದೇಶ ಕಳಿಸುವ ಏರ್ಪಾಟು ಮಾಡಿದ್ದೇವೆ. ಅದನ್ನೂ ಲೈಟ್ ಬಂದು ಹತ್ತು ನಿಮಿಷ ಕಾದ ಮೇಲೆ, ಏಕೆಂದರೆ ಬಂದ ಲೈಟ್ ನಿಲ್ಲುತ್ತದೆಂಬ ಭರವಸೆ ಯಾರಿಗಿದೆ! ಹೆಚ್ಚಿನ ದಿನ ಅದಕ್ಕೂ ಮೊದಲೇ ಆ ಮನೆಯ ಸಣ್ಣ ತಮ್ಮ ಹೋಗಿ ಬಟನ್ ಒತ್ತಿರುತ್ತಾನೆ.

ಇಷ್ಟೆಲ್ಲ ಯಾಕೆ, ಸೋಲಾಪುರಕ್ಕೆ ಕರೆಂಟಿನ ಬರವೇ ಎಂದು ಹೊರಗಿನವರು ಕೇಳಬಹುದು. ನಿಜವಾಗಿ ನೋಡಿದರೆ ದೇಶದ ವಿದ್ಯುತ್ ನಕ್ಷೆಯಲ್ಲಿ ನಮ್ಮ ಊರಿಗೆ ದೊಡ್ಡ ಜಾಗ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೋಲಾಪುರದ ನಡುವಿನ 765 ಕೆವಿ ಲೈನ್ ಜೋಡಣೆಯಾದಾಗಲೇ ದಕ್ಷಿಣದ ಗ್ರಿಡ್ ಉಳಿದ ಭಾರತದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಬಂದದ್ದು. ಕರ್ನಾಟಕವೂ ಮಹಾರಾಷ್ಟ್ರವೂ ಒಂದೇ 50 ಹರ್ಟ್ಸ್‌ನಲ್ಲಿ ಕುಣಿಯಲು ಶುರು ಮಾಡಿದ್ದು ನಮ್ಮ ಬಾಗಿಲಲ್ಲಿ. ಗಡಿಯ ಜಗಳ ಮಾಡುವವರು ಇದನ್ನು ನೆನೆಯುವುದಿಲ್ಲ, ಇರಲಿ. ದಕ್ಷಿಣ ಸೋಲಾಪುರದಲ್ಲಿ ಎನ್‌ಟಿಪಿಸಿಯ 1320 ಮೆಗಾವ್ಯಾಟ್‌ನ ಉಷ್ಣಸ್ಥಾವರವೂ ಇದೆ. ಆದರೂ ದೀಪದ ಬುಡದಲ್ಲಿ ಕತ್ತಲು. ದೊಡ್ಡ ಗ್ರಿಡ್ ಎಷ್ಟೇ ಗಟ್ಟಿಯಿರಲಿ, ನಮ್ಮ ಓಣಿಗೆ ಬರುವುದು 11 ಕೆವಿ ಫೀಡರ್ ಮತ್ತು ಒಂದು ಟ್ರಾನ್ಸ್‌ಫಾರ್ಮರ್ ಮೂಲಕ. ಬೇವಿನ ಕೊಂಬೆ ಮುರಿದು ಬಿದ್ದರೆ, ಒಂದು ಜಂಪರ್ ಸುಟ್ಟರೆ, ಅಲ್ಲಿಗೆ ಮುಗಿಯಿತು. ಗುಡುಗು ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಬೈಯಲು ನಮಗೆ ಮನಸ್ಸಿಲ್ಲ. ನಮ್ಮ ಧರ್ಮಕೇಂದ್ರದಲ್ಲೇ ಆ ಕೆಲಸದವರು ಇದ್ದಾರೆ.

ಎರಡನೇ ಬ್ಯಾಟರಿ ಅಕ್ಕಲಕೋಟದ್ದು. ಸೋಲಾಪುರದಿಂದ 40 ಕಿಲೋಮೀಟರ್ ಹತ್ತಿರ. ಒಂದು ಪ್ರತಿ ಬೇರೆ ಊರಿನಲ್ಲಿ ಇರಬೇಕೆಂದು ನಿರ್ಧರಿಸಿ, ಆ ಆಯಿಯ ಮಗಳ ಮನೆಯಲ್ಲೇ ಇಟ್ಟಿದ್ದೇವೆ. ಅವರೇ ಕೇಳಿ ಇಡಿಸಿಕೊಂಡರು. ಅಲ್ಲಿಯ ತೊಂದರೆ ಬೇರೆ: ಲೈಟ್ ಹೋಗುವುದು ಕಡಿಮೆ ಸಲ, ಹೋದರೆ ಗಂಟೆಗಟ್ಟಲೆ ಇಲ್ಲ. ಅಲ್ಲಿ 50 ವ್ಯಾಟ್‌ನ ಯಂತ್ರ ಇಡುವುದು ವ್ಯರ್ಥ. ಅಂಗೈಯಗಲದ ರಾಸ್ಪ್‌ಬೆರಿ ಪೈ ಮತ್ತು ಎಸ್‌ಎಸ್‌ಡಿ ಇಟ್ಟೆವು, ಎರಡೂ ಸೇರಿ 7 ವ್ಯಾಟ್. ಅದಕ್ಕೆ ಬೇಕಾದದ್ದು 5 ವೋಲ್ಟ್. 12 ವೋಲ್ಟ್ ಬ್ಯಾಟರಿಯನ್ನು 230ಕ್ಕೆ ಏರಿಸಿ ಮತ್ತೆ 5ಕ್ಕೆ ಇಳಿಸುವುದು, ಮಹಡಿ ಹತ್ತಿ ಇಳಿದು ಪಕ್ಕದ ಕೋಣೆಗೆ ಹೋದ ಹಾಗೆ. ನೇರವಾಗಿ 12ರಿಂದ 5ಕ್ಕೆ ಇಳಿಸುವ ಸಣ್ಣ ಕನ್ವರ್ಟರ್ ಹಾಕಿದ್ದೇವೆ, ಬ್ಯಾಟರಿಯ ತಂತಿಗೆ ಫ್ಯೂಸ್ ಸಮೇತ. ಫ್ಯೂಸ್ ಮರೆಯಬೇಡಿ, ಸಣ್ಣ ಬ್ಯಾಟರಿಯೂ ಶಾರ್ಟ್ ಆದರೆ ತಂತಿಯನ್ನು ಕೆಂಡ ಮಾಡುತ್ತದೆ. 26 ಎಎಚ್ ಬ್ಯಾಟರಿಯಲ್ಲಿ ಅದು ಇಡೀ ರಾತ್ರಿ ಆರಾಮವಾಗಿ ಓಡುತ್ತದೆ.

ಪ್ರತಿ ರಾತ್ರಿ 2 ಗಂಟೆಗೆ ಸೋಲಾಪುರದ ಹೊಸ ಫೈಲುಗಳು ಅಲ್ಲಿಗೆ ಹೋಗುತ್ತವೆ. ದೊಡ್ಡ ವಿಡಿಯೋಗಳಿದ್ದರೆ ಆ ಅಕ್ಕ ತಿಂಗಳಿಗೊಮ್ಮೆ ಬಲಿಪೂಜೆಗೆ ಬಂದಾಗ ಡಿಸ್ಕನ್ನು ಚೀಲದಲ್ಲಿ ಹಾಕಿ ಕಳಿಸುತ್ತೇವೆ. ಎಸ್.ಟಿ. ಬಸ್ಸಿನಷ್ಟು ವೇಗದ ಇಂಟರ್ನೆಟ್ ಅಕ್ಕಲಕೋಟಕ್ಕೆ ಇನ್ನೂ ಬಂದಿಲ್ಲ.

ಬ್ಯಾಟರಿಗೆ ನಮ್ಮ ಬಿಸಿಲು ದೊಡ್ಡ ಶತ್ರು. ಮುಚ್ಚಿದ ಸೀಸದ ಬ್ಯಾಟರಿಗೆ 3ರಿಂದ 5 ವರ್ಷ ಎಂದು ಹೇಳುವುದು 25 ಡಿಗ್ರಿಯ ಲೆಕ್ಕ. ಅದಕ್ಕಿಂತ ಪ್ರತಿ 8–10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಸೋಲಾಪುರದಲ್ಲಿ ಮೇ ತಿಂಗಳು 42 ದಾಟುವುದು ಹೊಸದಲ್ಲ. ಆದ್ದರಿಂದ ಯುಪಿಎಸ್ ಅನ್ನು ತಗಡಿನ ಕೆಳಗೂ ಅಟ್ಟದ ಮೇಲೂ ಇಡದೆ, ಉತ್ತರದ ಕೋಣೆಯಲ್ಲಿ ಫರ್ಸಿ ನೆಲದ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟಿದ್ದೇವೆ. ಎರಡು ವರ್ಷಕ್ಕೆ ಬ್ಯಾಟರಿ ಬದಲಿಸಬೇಕೆಂದೇ ಲೆಕ್ಕ ಹಾಕಿಕೊಂಡಿದ್ದೇವೆ, ಅದನ್ನೂ ಮುಂದಿನ ಬಜೆಟ್‌ನಲ್ಲಿ ನೋಡುವಿರಿ. ಹಳೆಯದನ್ನು ಅಂಗಡಿಗೇ ಮರಳಿಸುತ್ತೇವೆ. ಸ್ವಲ್ಪ ಹಣವೂ ಬರುತ್ತದೆ, ಸೀಸ ಯಾರ ಹಿತ್ತಲಿಗೂ ಸೇರುವುದಿಲ್ಲ.

ಮೂರು ತಿಂಗಳಿಗೊಮ್ಮೆ, ಶನಿವಾರ ಗಾನವೃಂದದ ಅಭ್ಯಾಸ ಮುಗಿದ ಮೇಲೆ, ಪ್ಲಗ್ ಕಿತ್ತು ಪರೀಕ್ಷೆ ಮಾಡುತ್ತೇವೆ. ಎಷ್ಟು ನಿಮಿಷ ಓಡಿತೆಂದು ಯುಪಿಎಸ್ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತೇವೆ. ಮೊದಲ ಸಾಲು 45, ಮೊನ್ನೆಯದು 41. 30ರ ಹತ್ತಿರ ಬಂದ ದಿನ ಹೊಸ ಬ್ಯಾಟರಿ.

ಯಾರ ಮನೆಯಲ್ಲಾದರೂ ಹಿರಿಯರು ಹಾಡಿದ ಹಳೆಯ ಕ್ಯಾಸೆಟ್ ಇದ್ದರೆ ಭಾನುವಾರ ಬಲಿಪೂಜೆಯ ನಂತರ ತನ್ನಿ. ಟೇಪ್ ಅಂಟಿಕೊಂಡಿದ್ದರೆ ಪ್ಲೇಯರಿಗೆ ಹಾಕಿ ತಿರುಗಿಸಲು ಹೋಗಬೇಡಿ, ಹಾಗೇ ಕೊಡಿ. ಪ್ರತಿ ಮಾಡಿ ಎರಡು ವಾರದಲ್ಲಿ ಕ್ಯಾಸೆಟ್ ಮರಳಿಸುತ್ತೇವೆ. ಬೀಸುಕಲ್ಲಿನ ಪದ ಬರುವ ಅಜ್ಜಿಯರು ಇದ್ದರೆ ಮುಂಚೆ ಹೇಳಿ, ನಾವೇ ಮನೆಗೆ ಬರುತ್ತೇವೆ. ಐಗುಪ್ತಕ್ಕೆ ಓಡುವ ಆ ಹಾಡು ಇನ್ನೂ ಯಾರಿಗಾದರೂ ಪೂರ್ತಿ ಗೊತ್ತಿದೆಯೇ ಎಂದು ವಾಗ್ದರಿ ಕಡೆ ವಿಚಾರಿಸುತ್ತಿದ್ದೇವೆ.